ಗುತ್ತಿಗೆಯ ರೈತನೂ ಕಾದಂಬರಿಯ ನ್ಯಾಯಾಲಯವೂ

ಪರರ ಭೂಮಿಯನ್ನು ಉಳುವವನಿಗೆ ಕನ್ನಡ ಕಾದಂಬರಿಕಾರರು ಧಾರಾಳವಾಗಿ ಮರುಗಿರುವರು. ಆದರೆ ಅವನ ಪರವಾಗಿ ವಾದಿಸುವ ವಕೀಲನು ಅವರ ಪುಟಗಳಲ್ಲಿ ಕಾಣಸಿಗುವದು ಬಹು ವಿರಳ. ಈ ಲೋಪವು ಎಲ್ಲ ಕೃತಿಗಳಲ್ಲಿಯೂ ಒಂದೇ ತೆರನಾದುದಲ್ಲವೆಂಬುದನ್ನು ವಾಚಕರು ಗಮನಿಸಬೇಕು.

1933ರಲ್ಲಿ ಹೊರಬಂದ ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ ಚೋಮನಿಗೆ ಎತ್ತುಗಳಿವೆ, ಭೂಮಿಯಿಲ್ಲ. ತುಂಡು ಹೊಲವನ್ನು ಗೇಣಿಗೆ ಪಡೆದು ಬೇಸಾಯ ಮಾಡಬೇಕೆಂಬುದೇ ಅವನ ಜೀವದಾಸೆ. ಅದಕ್ಕೆ ಅಡ್ಡ ಬಂದುದು ಜಾತಿಯ ಕಟ್ಟಳೆ. ಅವನು ಯಾವ ಕಚೇರಿಯ ಬಾಗಿಲಿಗೆ ಹೋಗಬಹುದಾಗಿತ್ತು? ಅಲ್ಲಿ ವಕೀಲನಿಲ್ಲದಿರುವದು ಕಥೆಯ ಸತ್ಯವೇ ಆಗಿದೆ. 1955ರ ನಿರಂಜನರ 'ಚಿರಸ್ಮರಣೆ'ಯದು ಬೇರೆ ಬಗೆ. 1941ರ ಕಯ್ಯೂರಿನ ರೈತರ ಹೋರಾಟವು ಅದರ ವಸ್ತು. 1943ರ ಮಾರ್ಚ್ 29ರಂದು ನಾಲ್ವರು ಗಲ್ಲಿಗೇರಿದರು. ನ್ಯಾಯಾಲಯವು ಅಲ್ಲಿ ಬರುವದುಂಟು. ಆದರೆ ಗೇಣಿಯ ಅನ್ಯಾಯವನ್ನು ಕೇಳುವದಕ್ಕಲ್ಲ, ಕೊಲೆಯ ಆಪಾದನೆಯನ್ನು ವಿಚಾರಿಸುವದಕ್ಕೆ.

ಬಳ್ಳಾರಿಯ ಮಟ್ಟಿಗಾದರೋ ಈ ಲೋಪವು ಸೋಜಿಗವನ್ನುಂಟುಮಾಡುವದು. ಈ ಊರಿನ ರಂಗಭೂಮಿಯನ್ನು ಕಟ್ಟಿದವರಲ್ಲಿ ವಕೀಲರೇ ಮುಂದಾಳುಗಳು. ಕೋಲಾಚಲಂ ಶ್ರೀನಿವಾಸರಾಯರು ವಕೀಲರು. 1946ರಲ್ಲಿ ತೀರಿಕೊಂಡ ನಟಶ್ರೇಷ್ಠ ರಾಘವಾಚಾರ್ಯರೂ ವಕೀಲರು. ಹಗಲು ರೈತರ ವ್ಯಾಜ್ಯಗಳ ನಡುವೆ ಇದ್ದವರು ರಾತ್ರಿ ರಂಗದ ಮೇಲೆ ವಿಜಯನಗರದ ಪತನವನ್ನು ತೋರಿಸಿದರು. ಅವರ ಕೀರ್ತಿಗೆ ಇದರಿಂದ ಕುಂದಿಲ್ಲ. ಆದರೂ ಸಿರುಗುಪ್ಪದ ಗದ್ದೆಗಳಿಗೆ ಇಂದಿಗೂ ನೀರುಣಿಸುವ ಕಾಲುವೆಗಳು ಆ ವಿಜಯನಗರದ ಕಾಲದವೇ ಅಲ್ಲವೆ? ಅರಸನ ಪತನವು ನಾಟಕವಾಯಿತು. ಆ ನೀರಿನಲ್ಲಿ ಬತ್ತ ಬೆಳೆದವನ ವ್ಯಾಜ್ಯವು ಕಟ್ಟಿನಲ್ಲಿಯೇ ಉಳಿಯಿತು.

ಮುಂದೆ ಕಾನೂನೇ ಬದಲಾಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿಭೂಮಿಯನ್ನು ಸರಕಾರದ ವಶಕ್ಕೆ ತಂದು, ಏಳನೆಯ ನಮೂನೆಯ ಅರ್ಜಿಯ ಮೇಲೆ ಉಳುವವನಿಗೆ ಕೊಡುವ ಏರ್ಪಾಡು ಮಾಡಿತು. ಭೂನ್ಯಾಯಮಂಡಲಿಯ ಮುಂದೆ ವಕೀಲರು ನಿಲ್ಲಕೂಡದೆಂಬ ನಿಯಮವೂ ಅದರಲ್ಲಿತ್ತು. ಹಣವುಳ್ಳ ಒಡೆಯನು ದೊಡ್ಡ ವಕೀಲನನ್ನು ತಂದು ಬಡವನ ಬಾಯಿ ಕಟ್ಟಿಸಬಾರದೆಂಬುದನ್ನು ಇದರ ಸಮರ್ಥನೆಗೆ ಹೇಳಬಹುದು. ಆದರೆ ಅಕ್ಷರವರಿಯದ ಒಕ್ಕಲಿಗನ ಬಾಯೂ ಅದರಿಂದಲೇ ಕಟ್ಟಿಹೋಗಲಿಲ್ಲವೆ? 1987ರಲ್ಲಿ ಸುಪ್ರೀಂ ಕೋರ್ಟು, ವಕೀಲರ ಕಾಯಿದೆಗೆ ವಿರುದ್ಧವೆಂದು, ಆ ನಿಷೇಧವನ್ನು ತೆಗೆದುಹಾಕಿತು. ಅರ್ಜಿಯ ಕೊನೆಯ ಗಡುವಾದ 1979ರ ಜೂನ್ 30 ಅಷ್ಟರಲ್ಲಿ ಕಳೆದು ಎಂಟು ವರ್ಷಗಳಾಗಿದ್ದವು. ಇದಕ್ಕಿಂತ ಮಿಗಿಲಾದ ಕಥಾವಸ್ತುವನ್ನು ಕಾದಂಬರಿಕಾರನು ಇನ್ನೆಲ್ಲಿ ಹುಡುಕಬೇಕು?

ಕಥೆ ಅಲ್ಲಿಗೆ ಮುಗಿದಿಲ್ಲ. ಕೆಲವು ವಿನಾಯಿತಿಗಳ ಹೊರತು ಭೂಮಿಯನ್ನು ಗುತ್ತಿಗೆಗೆ ಕೊಡುವದು ಇಂದಿಗೂ ನಿಷಿದ್ಧ. ಹಾಗಿದ್ದೂ ತುಂಗಭದ್ರೆಯ ನೀರು ಹರಿಯುವ ಸೀಮೆಯಲ್ಲಿ ಗುತ್ತಿಗೆ ನಿಂತಿಲ್ಲ. ನಿಂತುದು ಬರೆಹ ಮಾತ್ರ. ಸಿರುಗುಪ್ಪದ ಗದ್ದೆಯಲ್ಲಾಗಲಿ, ಕುರುಗೋಡಿನ ಎರೆಹೊಲದಲ್ಲಾಗಲಿ, ಬಾಯಿಮಾತಿನ ಮೇಲೆ ಉಳುವವನ ಹೆಸರು ಪಹಣಿಯಲ್ಲಿಲ್ಲ. 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನದ ವರ್ಷದ 6000 ರೂಪಾಯಿ ಭೂಮಿಯುಳ್ಳವನಿಗೇ ಸಲ್ಲುವದು. ಬೆಳೆಹಾನಿಯ ಪರಿಹಾರವೂ ಸಾಮಾನ್ಯವಾಗಿ ಪಹಣಿಯ ಹೆಸರನ್ನೇ ಅರಸಿಕೊಂಡು ಹೋಗುವದು. ಬೀಜ ಗೊಬ್ಬರದ ಸಾಲ ಮಾತ್ರ ಉತ್ತವನ ತಲೆಯ ಮೇಲೆ.

1995ರಿಂದ ಜಾರಿಯಲ್ಲಿರುವ ಕಾನೂನು ಸೇವೆಗಳ ಕಾಯಿದೆಯ ಮೇರೆಗೆ ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಪುಕ್ಕಟೆಯಾಗಿ ವಕೀಲರು ದೊರೆಯುವರು. ಚೋಮನಿಗೆ ಇಲ್ಲದ ಬಾಗಿಲು ಅವನ ಮೊಮ್ಮಕ್ಕಳಿಗೆ ತೆರೆದಿದೆ. ಆದರೆ ಆ ವಕೀಲನು ಯಾವ ಕಾಗದವನ್ನು ಮುಂದಿಡಬೇಕು? ಗೊಬ್ಬರದಂಗಡಿಯ ಚೀಟಿಯನ್ನೋ, ನೆರೆಹೊಲದವನ ಸಾಕ್ಷ್ಯವನ್ನೋ? ನಿಷಿದ್ಧವಾದ ಕರಾರನ್ನು ಒಪ್ಪಿಕೊಂಡರೆ ಕಕ್ಷಿಗಾರನಿಗೆ ಮುಂದಿನ ಬೆಳೆಗೆ ಹೊಲವೇ ಸಿಕ್ಕದೆ ಹೋದೀತು. ಒಪ್ಪದಿದ್ದರೆ ಪರಿಹಾರಕ್ಕೆ ಆಧಾರವಿಲ್ಲ. ಈ ಇಕ್ಕಟ್ಟಿನಲ್ಲಿ ಇಬ್ಬರೂ ಎದುರುಬದುರಾಗಿ ಕುಳಿತ ಒಂದು ಅಂಕವನ್ನು ವಕೀಲರೇ ಕಟ್ಟಿದ ಬಳ್ಳಾರಿಯ ರಂಗಭೂಮಿಯು ಇನ್ನೂ ಕಾಣಬೇಕಾಗಿದೆ.