ತಂಬಾಕಿನ ಕಾವು

ನಿಪ್ಪಾಣಿಯ ತಂಬಾಕಿನ ಹೆಸರನ್ನು ಕೇಳದ ವಾಚಕರು ಈ ಪ್ರಾಂತದಲ್ಲಿ ವಿರಳ. ಆದರೆ ವಖಾರಿಗಳಲ್ಲಿ ಕುಳಿತು ಆ ತಂಬಾಕನ್ನು ಬಡಿದು, ಜರಡಿ ಹಿಡಿದು, ಹದಗೊಳಿಸುವ ಹೆಂಗಸರನ್ನು ಕುರಿತು 1982ರಲ್ಲಿ ಒಂದು ಚಲಚ್ಚಿತ್ರವು ಸಿದ್ಧವಾಯಿತೆಂಬುದನ್ನು ಬಲ್ಲವರು ಕೆಲವರೇ. ‘ತಂಬಾಕು ಚಾಕೀಲಾ ಊಬ ಆಲೀ’ ಎಂಬುದು ಅದರ ಹೆಸರು. ಕಪ್ಪು-ಬಿಳುಪಿನ, 25 ನಿಮಿಷಗಳ ಈ ಮರಾಠಿ ಚಿತ್ರವನ್ನು ರಚಿಸಿದುದು 1980ರಲ್ಲಿ ಹುಟ್ಟಿದ ‘ಯುಗಾಂತರ’ ಎಂಬ ಸ್ತ್ರೀವಾದಿ ಮಂಡಳಿ. ದೀಪಾ ಧನರಾಜ, ಆಭಾ ಭೈಯಾ, ಮೀರಾ ರಾವ, ನವರೋಜ ಕಂಟ್ರಾಕ್ಟರ ಇವರು ಅದರ ರೂವಾರಿಗಳು.

ಇವರು ಅಂದು ಚಿಕ್ಕೋಡಿ ತಾಲೂಕಿಗೆ ಸೇರಿದ್ದ ನಿಪ್ಪಾಣಿಯಲ್ಲಿ ಸುಮಾರು ನಾಲ್ಕು ತಿಂಗಳು ನಿಂತು, ಕೂಲಿಕಾರ ಹೆಂಗಸರ ಮಾತನ್ನು ಕೇಳಿ, ಏನನ್ನು ಹೇಗೆ ಚಿತ್ರಿಸಬೇಕೆಂಬುದನ್ನು ಅವರೊಡನೆಯೇ ನಿಶ್ಚಯಿಸಿದರು. ಹೊರಗಿನವರ ಕಣ್ಣಿಗೆ ಬೀಳದಿದ್ದ ವಖಾರಿಯ ಒಳಭಾಗವು ಹೀಗೆ ತೆರೆದುಕೊಂಡಿತು. 1981ರ ತಂಬಾಕು ಬೆಳೆಗಾರರ ಚಳವಳಿಯೂ, ಪೋಲೀಸರ ಗುಂಡಿಗೆ ರೈತರು ಬಲಿಯಾದುದೂ ಎಲ್ಲರ ನೆನಪಿನಲ್ಲಿವೆ; ಅದೇ ಊರಿನಲ್ಲಿ ಸಾವಿರಾರು ಹೆಂಗಸರು ಸಂಘ ಕಟ್ಟಿದ ಕಥೆಯು ಮಾತ್ರ ಹಿಂದೆ ಸರಿದಿದೆ. ಇದು ಆಕಸ್ಮಿಕವಲ್ಲ.

ಚಿತ್ರದ ಹಿರಿಮೆ ಅದರ ಸಂಯಮದಲ್ಲಿದೆ. ದಿನಗೂಲಿಯ ಕೆಲಸದಲ್ಲಿ ನಾಳೆ ಯಾರು ಒಳಗೆ ಬರಬೇಕೆಂಬುದು ಮುಕಾದಮನ ಕೈಯಲ್ಲಿದ್ದರೆ, ಅವನ ಬೈಗಳನ್ನೂ, ಕೆಟ್ಟ ನೋಟವನ್ನೂ, ಮೈಮೇಲೆ ಬೀಳುವ ಕೈಯನ್ನೂ ಎದುರಿಸುವವಳಿಗೆ ಸಂಜೆಯ ರೊಟ್ಟಿಯೇ ಪಣವಾಗುತ್ತದೆ. ಇಂಥ ಹಿಂಸೆಯನ್ನು ತೆರೆಯ ಮೇಲೆ ತೋರಿಸಹೊರಟ ಅನೇಕ ಕಥಾಚಿತ್ರಗಳು ಪೀಡಿತೆಯನ್ನೇ ನೋಟದ ವಸ್ತುವನ್ನಾಗಿ ಮಾಡಿ ಎರಡನೆಯ ಸಲ ಪೀಡಿಸಿವೆ. ಇಲ್ಲಿ ಹಾಗಾಗಿಲ್ಲ. ‘ನಾವು’ ಎಂದು ನುಡಿಯುವ ಹೆಣ್ಣುದನಿಯು ಒಬ್ಬಳ ಲಜ್ಜೆಯನ್ನು ಹಲವರ ದೂರನ್ನಾಗಿಸುತ್ತದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಪೀಡೆಯನ್ನು ತಡೆವ ಕಾಯಿದೆಯು ಬಂದುದು 2013ರಲ್ಲಿ ಎಂಬುದನ್ನು ನೆನೆದರೆ, 1982ರ ಆ ದನಿಯ ಧೈರ್ಯವು ಇನ್ನಷ್ಟು ದೊಡ್ಡದೆನಿಸುತ್ತದೆ.

ಆದರೆ ಈ ‘ನಾವು’ ಎಂಬುದರಲ್ಲೇ ಒಂದು ಕೊರತೆಯೂ ಇದೆ. ನಿಪ್ಪಾಣಿಯ ವಖಾರಿಗಳಿಗೆ ದಲಿತರು, ಮುಸಲ್ಮಾನರು, ವಿಧವೆಯರು, ಗಂಡ ಬಿಟ್ಟವರು, ದೇವದಾಸಿಯರು ಎಲ್ಲರೂ ದುಡಿಯಬಂದವರೇ. ಕೂಲಿ ಒಂದಾದರೂ ಅವಮಾನ ಒಂದಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿಯ ದಲಿತ ಕೇರಿಗಳಿಂದ ಎಳೆಯ ಹುಡುಗಿಯರನ್ನು ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿ ಬಿಡುತ್ತಿದ್ದುದು ಪ್ರಸಿದ್ಧವೇ. ಅಂಥವಳ ಮೈಮೇಲೆ ಕೈಯಿಡುವವನು ಅದನ್ನು ತಪ್ಪೆಂದೂ ಎಣಿಸುತ್ತಿರಲಿಲ್ಲ; ಊರೂ ಎಣಿಸುತ್ತಿರಲಿಲ್ಲ. ಸವರ್ಣ ವಿಧವೆಯ ದೂರಿಗೆ ಸಿಕ್ಕಬಹುದಾದಷ್ಟು ಕಿವಿಯೂ ಅವಳ ದೂರಿಗೆ ಸಿಕ್ಕದು. ಒಕ್ಕೊರಲು ಎಷ್ಟು ಬಲವಾದರೆ ಅಷ್ಟು ಈ ಭೇದಗಳು ಮಂಕಾಗುತ್ತವೆ. ಇಷ್ಟು ಕಿರಿದಾದ ಚಿತ್ರದಿಂದ ಎಲ್ಲವನ್ನೂ ಬೇಡುವುದು ಅನ್ಯಾಯವೆನ್ನಬಹುದು. ಆದರೂ ಸಂಘದ ಒಳಗೆ ಯಾರು ಮಾತಾಡಿದರು, ಯಾರು ಕೊನೆಯ ಸಾಲಿನಲ್ಲಿ ಕುಳಿತರು ಎಂಬ ಪ್ರಶ್ನೆ ನೋಡುಗನನ್ನು ಬಿಡದು.

ಕಾಯಿದೆಗಳಾದರೂ ಇದೇ ರೀತಿ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ ಕಾಯಿದೆಯ ಹೆಸರಿನಲ್ಲಿಯೂ 1982 ಎಂಬ ಇಸವಿಯೇ ಇದೆ. ಅದು 1984ರಲ್ಲಿ ಅಧಿನಿಯಮವಾಯಿತು. ಜಾತಿಯ ದೌರ್ಜನ್ಯಕ್ಕೆ 1989ರ ಕಾಯಿದೆ ಬೇರೆ. ಕೂಲಿಗೆ ಒಂದು, ಮುತ್ತಿಗೆ ಒಂದು, ಜಾತಿಗೆ ಒಂದು ಎಂದು ಕಾಗದಗಳು ಬೇರೆಬೇರೆ ಕಚೇರಿಗಳಿಗೆ ಹೋಗುತ್ತವೆ. ಪೆಟ್ಟು ಬಿದ್ದ ಮೈ ಮಾತ್ರ ಒಂದೇ.

ಇನ್ನು ಹೆಸರಿನ ವಿಚಾರ. ಇಂಗ್ಲಿಷಿನಲ್ಲಿ ಇದನ್ನು ತಂಬಾಕಿನ ‘ಕೆಂಡ’ವೆಂದು ಕರೆದಿದ್ದಾರೆ. ಅದು ಸಾಲದು. ಮರಾಠಿಯ ‘ಊಬ’ ಎಂದರೆ ಬೆಚ್ಚನೆಯ ಕಾವು. ಒಟ್ಟಿದ ತಂಬಾಕಿಗೆ ಯಾರೂ ಬೆಂಕಿಯಿಡುವುದಿಲ್ಲ; ಎಲೆಯ ಮೇಲೆ ಎಲೆ ಬಿದ್ದ ಒತ್ತಡದಲ್ಲಿ ಅದು ಒಳಗಿನಿಂದ ತಾನಾಗಿ ಬಿಸಿಯಾಗುತ್ತದೆ. ಈ ಮಾತು ವಖಾರಿಯ ಕೆಲಸ ಬಲ್ಲವರದು. ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆಯು ಚಿತ್ರದ ಹಳೆಯ ಪ್ರತಿಯನ್ನು ಜೀರ್ಣೋದ್ಧಾರಗೊಳಿಸಿ ಉಳಿಸಿದೆ. ನಿಪ್ಪಾಣಿಯ ಹೆಂಗಸರನ್ನು ಈಗ ಜರ್ಮನಿಯ ಪ್ರೇಕ್ಷಕರು ನೋಡುತ್ತಾರೆ.