‘ಮೆದುಳಿನ ಪೇಸ್‌ಮೇಕರ್’ ಎಂಬ ಅರ್ಧ ವಿವರಣೆ

ಪಾರ್ಕಿನ್ಸನ್ ಕಾಯಿಲೆಗೆ ಮಾಡುವ ‘ಡೀಪ್ ಬ್ರೈನ್ ಸ್ಟಿಮ್ಯುಲೇಷನ್’ (ಮೆದುಳಿನ ಆಳದ ಉದ್ದೀಪನ) ಶಸ್ತ್ರಚಿಕಿತ್ಸೆಯ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳನ್ನು ನೀವು ಓದಿರಬಹುದು. ‘ಮೆದುಳಿನ ಪೇಸ್‌ಮೇಕರ್’ ಎಂಬ ಹೋಲಿಕೆ ಅವುಗಳಲ್ಲಿ ಸಾಮಾನ್ಯ. ಶಸ್ತ್ರಚಿಕಿತ್ಸೆ ಆಯಿತು, ನಡುಕ ನಿಂತಿತು ಎಂಬಲ್ಲಿಗೆ ಬರಹವೂ ಮುಗಿಯುತ್ತದೆ. ಚಿಕಿತ್ಸೆಯ ಉತ್ತರಾರ್ಧವೇ ಬಿಟ್ಟುಹೋಗುತ್ತದೆ.

ಹೋಲಿಕೆ ಪೂರ್ತಿ ತಪ್ಪಲ್ಲ. ಎದೆಯ ಚರ್ಮದಡಿ ಬ್ಯಾಟರಿಯುಳ್ಳ ಪುಟ್ಟ ಸಾಧನ, ಅಲ್ಲಿಂದ ಮೆದುಳಿಗೆ ತಂತಿ, ಇಷ್ಟು ಸರಿ. ಆದರೆ ಹೃದಯದ ಪೇಸ್‌ಮೇಕರ್ ಸಾಮಾನ್ಯವಾಗಿ ಹೃದಯದ ಬಡಿತವನ್ನು ತಾನೇ ಗ್ರಹಿಸಿ, ಅಗತ್ಯವಿದ್ದಾಗ ಕೆಲಸ ಮಾಡುತ್ತದೆ. ಮೆದುಳಿನ ಸಾಧನಗಳಲ್ಲಿ ಹೆಚ್ಚಿನವು ವೈದ್ಯರು ಹೊರಗಿನಿಂದ ಹೊಂದಿಸಿದಂತೆ ಒಂದೇ ಸಮನೆ ನಡೆಯುತ್ತವೆ. ಪಾರ್ಕಿನ್ಸನ್ ರೋಗಿಯ ಮೆದುಳಿನ ಸಂಕೇತಕ್ಕೆ ತಕ್ಕಂತೆ ತಾನೇ ಬದಲಾಗುವ ಸಾಧನಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2025ರಲ್ಲಿ.

ಹೊಂದಿಸುವಾಗ ವಿದ್ಯುದಗ್ರದ ಯಾವ ಸಂಪರ್ಕಬಿಂದುವಿಗೆ ಎಷ್ಟು ಪ್ರವಾಹ ಎಂಬುದನ್ನು ನಿರ್ಧರಿಸಬೇಕು. ಸಾಮಾನ್ಯ ಆರಂಭವೆಂದರೆ ಸೆಕೆಂಡಿಗೆ 130 ಸ್ಪಂದ, ಪ್ರತಿಯೊಂದೂ 60 ಮೈಕ್ರೊಸೆಕೆಂಡ್. ಗುಣಿಸಿ ನೋಡಿ: ಒಂದು ಸೆಕೆಂಡಿನಲ್ಲಿ ಈ ಸ್ಪಂದಗಳ ಒಟ್ಟು ಅವಧಿ 7.8 ಮಿಲಿಸೆಕೆಂಡ್ ಮಾತ್ರ. ಆದರೂ ಪ್ರವಾಹ ಹೆಚ್ಚಾಗಿ ಪಕ್ಕದ ನರತಂತುಗಳಿಗೆ ಹರಡಿದರೆ ಮಾತು ತೊದಲುತ್ತದೆ, ಮುಖದ ಸ್ನಾಯು ಸೆಳೆಯುತ್ತದೆ. ಗುಣ ಕಾಣುವ ಮಟ್ಟಕ್ಕೂ ತೊಂದರೆ ಶುರುವಾಗುವ ಮಟ್ಟಕ್ಕೂ ನಡುವಿನ ಅಂತರವನ್ನು ಒಂದೊಂದೇ ಬಿಂದುವಿನಲ್ಲಿ ಪರೀಕ್ಷಿಸಬೇಕು. ಬಿಗಿತ ನಿಮಿಷದೊಳಗೇ ಸಡಿಲವಾಗಬಹುದು. ನಡಿಗೆಯ ಬದಲಾವಣೆ ತಿಳಿಯಲು ದಿನಗಳು ಬೇಕಾಗಬಹುದು. ವಿದ್ಯುದಗ್ರ ತೂರಿಸಿದ್ದರಿಂದಲೇ ಕೆಲಕಾಲ ಸುಧಾರಣೆ ಕಾಣುವುದುಂಟು. ಅದು ಇಳಿಯಲೆಂದು ಹಲವು ಕಡೆ ಈ ಕೆಲಸವನ್ನು ಕೆಲವು ವಾರಗಳ ನಂತರ ಆರಂಭಿಸುತ್ತಾರೆ. ಜೊತೆಗೆ ಲೆವೊಡೋಪ ಮಾತ್ರೆಯ ಪ್ರಮಾಣವನ್ನೂ ಸರಿಹೊಂದಿಸಬೇಕು. ಇದಕ್ಕೆಲ್ಲ ತಿಂಗಳುಗಳೇ ಹಿಡಿಯುತ್ತವೆ.

ಇದನ್ನು ಬರೆಯದೆ ಬಿಟ್ಟರೆ ನಷ್ಟ ರೋಗಿಗೆ. ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಸುತ್ತಿನ ಊರೊಂದರ ರೇಷ್ಮೆ ಸೀರೆ ನೇಕಾರರೊಬ್ಬರನ್ನು ಊಹಿಸಿಕೊಳ್ಳಿ. ಈ ಚಿಕಿತ್ಸೆ ನೀಡುವ ಬೆಂಗಳೂರಿನ ನಿಮ್ಹಾನ್ಸ್‌ಗೆ ಅಲ್ಲಿಂದ 200 ಕಿ.ಮೀ.ಗೂ ಹೆಚ್ಚು ದೂರ. ಮೊದಲ ಹೊಂದಾಣಿಕೆಗೆ ಸಾಮಾನ್ಯವಾಗಿ ಹಿಂದಿನ ರಾತ್ರಿಯಿಂದ ಮಾತ್ರೆ ನಿಲ್ಲಿಸಿರಬೇಕು. ಪ್ರತಿ ಭೇಟಿಗೂ ಜೊತೆಗೊಬ್ಬರು ಬೇಕು. ಅಂದಿನ ಕೂಲಿಯೂ ಹೋಯಿತು. ಮೊದಲೇ ತಿಳಿದಿದ್ದರೆ ಮನೆಯವರು ಸಿದ್ಧರಾಗುತ್ತಾರೆ. ತಿಳಿಯದಿದ್ದರೆ ‘ಆಪರೇಷನ್ ಫಲಿಸಲಿಲ್ಲ’ ಎಂದು ನಡುವೆಯೇ ಕೈಬಿಡಬಹುದು.

ಈ ಚಿಕಿತ್ಸೆ ಲಕ್ಷಣಗಳನ್ನು ತಗ್ಗಿಸುತ್ತದೆ, ರೋಗವನ್ನು ನಿಲ್ಲಿಸುವುದಿಲ್ಲ. ಆದ್ದರಿಂದ ವರ್ಷಗಳ ನಂತರವೂ ಮರುಹೊಂದಾಣಿಕೆ ಬೇಕಾಗುತ್ತದೆ. ಇಂಥ ಲೇಖನವನ್ನು ತರಗತಿಯಲ್ಲಿ ಓದಿಸುವ ಶಿಕ್ಷಕರು ಒಂದು ಪ್ರಶ್ನೆ ಸೇರಿಸಲಿ: ಸಾಧನವನ್ನು ಹೊಂದಿಸುವವರು ಯಾರು, ಎಲ್ಲಿ, ಎಷ್ಟು ಸಲ? ಉತ್ತರವಿಲ್ಲದ ಲೇಖನ ಅಪೂರ್ಣವೆಂದು ತಿಳಿಯಿರಿ.