ಮ್ಯಾಂಡೋಸನ ತೀರ್ಪು
ಜೆ. ಆರ್. ಆರ್. ಟೋಲ್ಕಿನ್ನರ ಮರಣಾನಂತರ 1977ರಲ್ಲಿ ಪ್ರಕಟವಾದ ‘ಸಿಲ್ಮರಿಲಿಯನ್’ ಕೃತಿಯಲ್ಲಿ ಮ್ಯಾಂಡೋಸನು ಮೃತರ ಮಂದಿರಗಳ ಒಡೆಯ. ತೀರ್ಪು ನುಡಿಯುವ ದೇವತೆ. ಅವನನ್ನು ನಿರ್ದಯನೆಂದು ಬಗೆಯುವುದು ಸುಲಭ. ಆದರೆ ಅದು ಸಾಧುವಲ್ಲ. ಬಂಧುಹತ್ಯೆಗೈದ ನೋಲ್ಡೋರ್ ಜನಕ್ಕೆ ಉತ್ತರದ ಶೀತಲ ನಿರ್ಜನದಲ್ಲಿ ಶಾಪವಾಣಿ ಕೇಳಿಬರುತ್ತದೆ: ಬಂಧುದ್ರೋಹವೇ ಅವರನ್ನು ಕೆಡಿಸುವುದೆಂದು. ಫೆಯಾನೋರನು ಮಲಸೋದರನ ಪರಿವಾರವನ್ನು ತೊರೆದು ಹಡಗುಗಳನ್ನು ಸುಟ್ಟುದರಿಂದಲೇ ಅವರು ಹೆಲ್ಕರಾಕ್ಸೆಯ ಹಿಮವನ್ನು ದಾಟಬೇಕಾಯಿತು. ಅನೇಕರು ಅಲ್ಲಿಯೇ ಮಡಿದರು. ಶಾಪ ಫಲಿಸಿದುದು ಅವರದೇ ದ್ರೋಹದಿಂದ.

ಲೂಥಿಯೆನ್ನಳ ಗಾನಕ್ಕೆ ಮ್ಯಾಂಡೋಸನು ಒಮ್ಮೆ ಮಾತ್ರ ಕರಗಿದನು. ಆದರೂ ವಿಧಿಯನ್ನು ಬದಲಿಸುವ ಅಧಿಕಾರವಿಲ್ಲದೆ ಮಾನ್ವೆಯ ಬಳಿಗೆ ಹೋದನು. ಸಾವಿತ್ರಿಗಾದರೋ ಯಮನು ತಾನೇ ವರವಿತ್ತನು. ಯಮನು ಧರ್ಮರಾಜ, ಮ್ಯಾಂಡೋಸನು ವಿಧಿಯ ವಾಣಿ ಮಾತ್ರ. ಈ ಪರಾಧೀನತೆಯೇ ಅವನ ಪಾತ್ರದ ಶೋಕಗಾಂಭೀರ್ಯಕ್ಕೆ ಮೂಲವೆಂದು ತೋರುತ್ತದೆ.